ಏಣಿ ಹತ್ತಿ ಹೋಗುವ ಮನೆ

ಮನೆಗೆ ಸುಣ್ಣ ಬಳಿಸುವಾಗ ಆ ಮನೆಯೊಳಗೇ ಇದ್ದು ದಿನ ಕಳೆದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹಬ್ಬಕ್ಕೆ ಎಂಟು ದಿನ ಇದೆ ಎನ್ನುವಾಗ ಅಟ್ಟದ ಸಾಮಾನು ಜಗಲಿಗೆ, ಜಗಲಿಯ ಸಾಮಾನು ಅಂಗಳಕ್ಕೆ ಬಂದು, ಊಟದ ತಟ್ಟೆಯಲ್ಲಿ ಸುಣ್ಣದ ಹನಿ ಬಿದ್ದು, ಬೆಳಗಿನಿಂದ ಹುಡುಕಿದ ಕನ್ನಡಕ ಸಂಜೆಗೆ ಬಣ್ಣದ ಡಬ್ಬಿಯ ಹಿಂದೆ ಸಿಕ್ಕುವ ಸುಖವನ್ನು ನಾನು ವಿವರಿಸಬೇಕಾಗಿಲ್ಲ. ಆದರೆ ಆ ಮನೆ ಮೂವತ್ತಾರು ಅಡಿ ಉದ್ದದ ಒಂದು ಹಾಯಿದೋಣಿಯಾಗಿ, ಆ ದೋಣಿಯೂ ನೀರಿನಲ್ಲಿರದೆ ಏಳೆಂಟು ಕಬ್ಬಿಣದ ಊರುಗೋಲುಗಳ ಆಸರೆಯಲ್ಲಿ ನೆಲದ ಮೇಲೆ ನಿಂತು, ಆ ನೆಲವೂ ನಮ್ಮದಾಗಿರದೆ ಥಾಯ್ಲೆಂಡಿನದಾದರೆ ಆಗುವ ಸೊಗಸು ಸ್ವಲ್ಪ ಬೇರೆ. ೨೦೨೪ನೆಯ ಇಸವಿಯ ಫೆಬ್ರವರಿ ಕೊನೆಯಿಂದ ಯುಗಾದಿಯವರೆಗೆ, ಸುಮಾರು ಆರು ವಾರ, ಆ ಸೊಗಸು ನನ್ನ ಪಾಲಿಗೆ ಬಂತು.

ದೋಣಿ ನನ್ನದಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಗಂಗೊಳ್ಳಿ ಕಡೆಯವನು. ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ನನ್ನ ಹೆಸರಿನಲ್ಲಿ ಇದುವರೆಗೆ ಇದ್ದ ವಾಹನಗಳೆಂದರೆ ಎರಡು ಸೈಕಲ್ಲು, ಒಂದು ಸ್ಕೂಟರು. ದೋಣಿ ನನ್ನ ತಮ್ಮನದು. ಅವನು ಸರಕು ಹಡಗುಗಳ ಎಂಜಿನಿಯರಾಗಿ ಇಪ್ಪತ್ತೊಂಬತ್ತು ವರ್ಷ ಲೋಕದ ಸಮುದ್ರಗಳನ್ನೆಲ್ಲ ಎಂಜಿನ್ ಕೋಣೆಯೊಳಗಿನಿಂದ ನೋಡಿದವನು, ಎಂದರೆ ನೋಡದವನು. ಕೆಲಸ ಬಿಟ್ಟ ವರ್ಷ, ೨೦೧೯ರಲ್ಲಿ, ಎಂಜಿನ್ನಿನ ಸದ್ದಿಲ್ಲದೆ ಸಮುದ್ರ ಹೇಗಿರುತ್ತದೆಂದು ತಿಳಿಯಬೇಕೆಂಬ ಆಸೆ ಹುಟ್ಟಿ, ಮಲೇಶಿಯದ ಲಂಕಾವಿ ದ್ವೀಪದಲ್ಲಿ ಒಬ್ಬ ಮುದುಕ ದೊರೆಯ ಕೈಯಿಂದ ಇದನ್ನು ಕೊಂಡ. ತೈವಾನಿನಲ್ಲಿ ೧೯೮೧ರಲ್ಲಿ ಕಟ್ಟಿದ್ದು. ಮರದ್ದಲ್ಲ, ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಅಚ್ಚು ಹೊಯ್ದದ್ದು. ಕೊಂಡು ಆರು ತಿಂಗಳಾಗುವಷ್ಟರಲ್ಲಿ ಕೋವಿಡ್ ಬಂತು. ಅವನು ಬೆಂಗಳೂರಿನ ಫ್ಲ್ಯಾಟಿನಲ್ಲಿ, ಅದು ಲಂಕಾವಿಯ ನೀರಿನಲ್ಲಿ. ಎರಡು ವರ್ಷಕ್ಕೂ ಮಿಕ್ಕ ವಿರಹ. ೨೦೨೨ರ ಏಪ್ರಿಲಿನಲ್ಲಿ ಮಲೇಶಿಯ ತನ್ನ ಗಡಿ ತೆರೆದ ಮೇಲೆ ಓಡಿಹೋಗಿ ನೋಡಿದರೆ ದೋಣಿಯ ತಳದಲ್ಲಿ ಅಂಗೈ ದಪ್ಪ ಚಿಪ್ಪು ಬೆಳೆದಿತ್ತು. ಅದನ್ನು ಕೆರೆಸಿದ್ದಾಯಿತು. ಮರುವರ್ಷ ಅವನ ಎದೆಯಲ್ಲೇ ಏನೋ ಕಟ್ಟಿಕೊಂಡು, ಬೆಂಗಳೂರಿನಲ್ಲಿ ಡಾಕ್ಟರರು ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿದರು.

ಅವನ ಹೆಂಡತಿ ಆ ದೋಣಿಯನ್ನು 'ನಿಮ್ಮ ತಮ್ಮನ ಎರಡನೆಯ ಸಂಸಾರ' ಎಂದೇ ಕರೆಯುವುದು. ದೋಣಿಗೆ ಹಿಂದಿನ ಯಜಮಾನ ತನ್ನ ಹೆಂಡತಿಯ ಹೆಸರಿಟ್ಟಿದ್ದ; ದೋಣಿಯ ಹೆಸರು ಬದಲಾಯಿಸಬಾರದು, ಅಪಶಕುನ ಎಂದು ಹಾಯಿಗಾರರಲ್ಲಿ ನಂಬಿಕೆ ಇರುವುದರಿಂದ ಆ ಹೆಸರು ಹಾಗೇ ಉಳಿದು, ಆಕೆಯ ಮಾತಿಗೆ ಒಳ್ಳೆಯ ಆಧಾರವನ್ನೂ ಒದಗಿಸಿತ್ತು. ಸ್ಟೆಂಟ್ ಆದಮೇಲೆ ಗಂಡ ಹೆಂಡಿರಲ್ಲಿ ಒಂದು ಒಪ್ಪಂದವಾಯಿತು: ದೋಣಿಯನ್ನು ರಿಪೇರಿ ಮಾಡಿಸಿ, ಬಣ್ಣ ಬಳಿಸಿ, ಮಾರಿಬಿಡುವುದು. ಜನವರಿಯಲ್ಲಿ ಹಡಗಿನ ಹಳೆಯ ಸ್ನೇಹಿತನೊಬ್ಬ ಜೊತೆಗೆ ಹೋಗಿ, ಲಂಕಾವಿಯಿಂದ ಒಂದು ಹಗಲಿನ ಹಾದಿಯ ಥಾಯ್ಲೆಂಡಿನ ದಡಕ್ಕೆ ದೋಣಿ ತಂದು ಮೇಲೆ ಹತ್ತಿಸಿಕೊಟ್ಟ. ಅವನ ರಜೆ ಮುಗಿಯಿತು. ಆಗ ಆಕೆ ನನಗೆ ಫೋನು ಮಾಡಿದಳು. "ಭಾವ, ನೀವು ಹೋಗಿ ಅವರ ಜೊತೆಗಿರಬೇಕು. ಬೆಳಿಗ್ಗೆ ಎರಡು ಮಾತ್ರೆ, ರಾತ್ರಿ ಒಂದು. ಕೂವೆಮರ ಹತ್ತಬಾರದು. ಬಿಳೀ ಬಣ್ಣವೇ ಹಚ್ಚಿಸಬೇಕು, ಬಿಳೀ ದೋಣಿ ಬೇಗ ಮಾರಾಟವಾಗುತ್ತದಂತೆ." ಅರವತ್ತಾರನೆಯ ವಯಸ್ಸಿನಲ್ಲಿ ನಾನು ಪರದೇಶಕ್ಕೆ ಹೊರಟದ್ದು ಹೀಗೆ, ತಮ್ಮನಿಗೆ ಕಾವಲುಗಾರನಾಗಿ. ಆಗ ಭಾರತೀಯರಿಗೆ ಮೂವತ್ತು ದಿನದ ಮಟ್ಟಿಗೆ ಥಾಯ್ಲೆಂಡಿನ ವೀಸಾ ಬೇಕಿರಲಿಲ್ಲ. ೧,೯೦೦ ಬಾತ್ ಕಟ್ಟಿದರೆ ಇನ್ನೂ ಮೂವತ್ತು ದಿನ ಇರಗೊಡುತ್ತಿದ್ದರು. ಬಣ್ಣದ ಕೆಲಸ ಅಷ್ಟರಲ್ಲಿ ಮುಗಿಯಲೇಬೇಕಾಗಿತ್ತು. ಮೇ ಹೊತ್ತಿಗೆ ಆ ಕರಾವಳಿಗೂ ನಮ್ಮಂತೆಯೇ ನೈರುತ್ಯದ ಮಳೆ ಹಿಡಿಯುತ್ತದೆ.

ನಾವಿದ್ದದ್ದು ಸತುನ್ ಪ್ರಾಂತದಲ್ಲಿ. ಥಾಯ್ಲೆಂಡಿನ ನೈರುತ್ಯದ ತುದಿ ಅದು, ಆಚೆಗೆ ಮಲೇಶಿಯದ ಪೆರ್ಲಿಸ್. ಜನರಲ್ಲಿ ಹೆಚ್ಚಿನವರು ಮುಸಲ್ಮಾನರು, ಮಾತು ಥಾಯ್. ಹೊಳೆಯ ಎರಡು ದಡಕ್ಕೂ ಕಾಂಡ್ಲಾ ಗಿಡಗಳು, ಕೆಸರಿನಲ್ಲಿ ಮುಂಗಾಲೂರಿ ನಡೆಯುವ ಮೀನುಗಳು, ಬಲೆ ಒಣಗುವ ವಾಸನೆ. ಕಣ್ಣು ಮುಚ್ಚಿ ಕುಳಿತರೆ ಪಂಚಗಂಗಾವಳಿಯ ಅಳಿವೆಯಲ್ಲಿದ್ದೇನೆಂದು ಆಣೆ ಮಾಡಬಹುದಿತ್ತು. ಸಮುದ್ರದ ಕಡೆಗೆ ತರುತಾವ್ ಎಂಬ ದ್ವೀಪವಿದೆ. ೧೯೩೦ರ ದಶಕದ ಕೊನೆಯಲ್ಲಿ ಅಲ್ಲಿ ಸರ್ಕಾರ ಕೈದಿಗಳನ್ನೂ ರಾಜಕೀಯ ಬಂದಿಗಳನ್ನೂ ತಂದು ಇಟ್ಟಿತು. ಯುದ್ಧಕಾಲದಲ್ಲಿ ಅನ್ನ ಔಷಧಗಳು ಬಾರದೆ ಹೋದಾಗ ಕಾವಲಿನವರೂ ಕೈದಿಗಳೂ ಒಂದಾಗಿ ಹೋಗಿಬರುವ ಹಡಗುಗಳನ್ನು ದೋಚತೊಡಗಿದರಂತೆ. ೧೯೪೬ರಲ್ಲಿ ಬ್ರಿಟಿಷರು ಬಂದು ಅಡಗಿಸಿದರು. ಈಗ ಅದು ರಾಷ್ಟ್ರೀಯ ಉದ್ಯಾನ. ಕಾವಲುಗಾರನೂ ಕೈದಿಯೂ ಒಂದಾಗುವ ಈ ಕತೆಯನ್ನು ತಮ್ಮ ನನಗೆ ಬಂದ ಮೊದಲ ದಿನವೇ ಹೇಳಿದ; ಯಾವ ಉದ್ದೇಶದಿಂದ ಹೇಳಿದನೆಂದು ನಾನು ಆಗ ಯೋಚಿಸಲಿಲ್ಲ.

ಇನ್ನು ಮನೆಯ ವಿಚಾರ. ದೋಣಿ ನೆಲದ ಮೇಲೆ ನಿಂತಾಗ ಅದರ ಅಟ್ಟ ಒಬ್ಬೊಬ್ಬರೂವರೆ ಆಳಿನ ಎತ್ತರದಲ್ಲಿರುತ್ತದೆ. ಹನ್ನೊಂದು ಮೆಟ್ಟಿಲಿನ ಅಲ್ಯುಮಿನಿಯಂ ಏಣಿಯೊಂದನ್ನು ಹಿಂಭಾಗಕ್ಕೆ ಹಗ್ಗದಿಂದ ಬಿಗಿದಿದ್ದರು. ಹಾಲು ತರಬೇಕೆ, ಏಣಿ. ತಂದ ಹಾಲಿನ ಜೊತೆಗೆ ಸಕ್ಕರೆ ತರಲಿಲ್ಲವೇ, ಮತ್ತೆ ಏಣಿ. ಕಕ್ಕಸು ನೂರೈವತ್ತು ಹೆಜ್ಜೆ ದೂರ. ದೋಣಿಯೊಳಗೊಂದು ಇತ್ತಾದರೂ ಅದು ಸಮುದ್ರದ ನೀರನ್ನು ನಂಬಿದ್ದು, ನೆಲದ ಮೇಲೆ ಉಪಯೋಗವಿಲ್ಲ. ನಡುರಾತ್ರಿ ಎರಡು ಸಲ ಏಳಬೇಕಾದ ವಯಸ್ಸಿನವನಿಗೆ ಹನ್ನೊಂದು ಮೆಟ್ಟಿಲು ಎಂದರೆ ಏನೆಂದು ನನ್ನ ಸಮವಯಸ್ಕ ಓದುಗರು ಬಲ್ಲರು. ಕಿರಿಯರಿಗೆ ಕಾಲವೇ ತಿಳಿಸುತ್ತದೆ. ಒಂದು ಅಗಲಬಾಯಿಯ ಬಾಟಲಿ ನನ್ನ ಮಾನ ಕಾಪಾಡಿತು. ಪಾತ್ರೆ ತೊಳೆದ ನೀರನ್ನು ಒಳಗಿನ ತೊಟ್ಟಿಗೆ ಬಿಡುವಂತಿಲ್ಲ. ಬಿಟ್ಟರೆ ಹೊರಮೈಯ ತೂತಿನಿಂದ ಹೊಸ ಬಣ್ಣದ ಮೇಲೆಯೋ, ಬಣ್ಣ ಹಚ್ಚುವವನ ತಲೆಯ ಮೇಲೆಯೋ ಸುರಿಯುತ್ತದೆ. ಅದಕ್ಕಾಗಿ ತೂತಿಗೆ ಪಟ್ಟಿ ಅಂಟಿಸಿ, ಬಕೆಟ್ಟಿನಲ್ಲಿ ನೀರು ಹಿಡಿದು, ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ ಕೆಳಗಿಳಿಸುವುದು. ತಂಪುಪೆಟ್ಟಿಗೆಯೂ ಸಮುದ್ರದ ನೀರಿನಿಂದಲೇ ತಂಪಾಗುವಂಥದು, ಅದೂ ಬಂದ್. ಮಧ್ಯಾಹ್ನ ಒಂದು ಗಂಟೆಗೆ ಒಳಗೆ ಕುಳಿತರೆ ಇಡ್ಲಿ ಹೇಗೆ ಬೇಯುತ್ತದೆಂಬುದು ಅನುಭವಕ್ಕೆ ಬರುತ್ತಿತ್ತು. ಸಂಜೆ ಆರಕ್ಕೆ ಸೊಳ್ಳೆ.

ಇಷ್ಟೆಲ್ಲದರ ನಡುವೆ ಒಂದು ವಿಚಿತ್ರವೆಂದರೆ, ದೋಣಿ ಅಲುಗಾಡುವುದಿಲ್ಲ. ಮಲಗುವ ಹಾಸಿಗೆಯ ಅಂಚಿಗೆ ಉರುಳದಂತೆ ಬಟ್ಟೆಯ ತಡೆ, ಒಲೆ ವಾಲಿದರೂ ಪಾತ್ರೆ ನೆಟ್ಟಗಿರಲು ತೂಗುಗೊಲೆ, ಲೋಟಗಳಿಗೆ ಗೂಡು, ಹೀಗೆ ಅಲುಗಾಟಕ್ಕಾಗಿಯೇ ಮಾಡಿದ ಮನೆ. ಅದು ಕಲ್ಲಿನ ಹಾಗೆ ನಿಂತಿದ್ದರೆ ಏನೋ ಒಂದು ಬಗೆಯ ಶೋಕ ಕವಿಯುತ್ತದೆ. ಅಲುಗಿದರೆ ಭಯ, ಅದು ಬೇರೆ ಮಾತು. ಎಂಟೂವರೆ ಟನ್ ಭಾರ ಕೀಲ್ ಎಂಬ ಬೆನ್ನುಮರದ ಮೇಲೆ ಕೂತಿರುತ್ತದೆ. ಎರಡು ಪಕ್ಕದ ಊರುಗೋಲುಗಳು ಅದನ್ನು ವಾಲದಂತೆ ತಡೆಯುತ್ತವೆ ಅಷ್ಟೆ. ಈ ಪಕ್ಕದ ಗೋಲಿಗೂ ಆ ಪಕ್ಕದ ಗೋಲಿಗೂ ಕೀಲಿನಡಿಯಲ್ಲಿ ಸರಪಳಿ ಬಿಗಿದಿರುತ್ತಾರೆ, ಕಾಲು ಜಾರಿ ಅಗಲವಾಗದಿರಲೆಂದು. ಮಾರ್ಚಿಯ ಒಂದು ರಾತ್ರಿ ಗುಡುಗು ಗಾಳಿ ಎದ್ದಾಗ ಇಡೀ ಮನೆ ಸಣ್ಣಗೆ ನಡುಗಿತು. ತಮ್ಮ ಕತ್ತಲೆಯಲ್ಲಿ ಟಾರ್ಚು ಹಿಡಿದು ಇಳಿದುಹೋಗಿ ಸರಪಳಿಗಳನ್ನೆಲ್ಲ ಮುಟ್ಟಿ ನೋಡಿ ಬಂದ. ನಾನು ಅವನ ಎದೆಯುಸಿರನ್ನೇ ಕೇಳುತ್ತ ಕುಳಿತಿದ್ದೆ. ಕಾವಲಿನ ಕೆಲಸದಲ್ಲಿ ಅದೇ ಕಷ್ಟದ ಭಾಗ: ಬೇಡವೆನ್ನುವ ಹಾಗಿಲ್ಲ, ಸುಮ್ಮನಿರುವ ಹಾಗೂ ಇಲ್ಲ.

ದೋಣಿಗೆ ಬಂದಿದ್ದ ಕಾಯಿಲೆಯನ್ನು ಸ್ವಲ್ಪ ಹೇಳಬೇಕು. ಗಾಜುನಾರಿನ ದೋಣಿಗೆ ಹುಳು ಹಿಡಿಯುವುದಿಲ್ಲ, ಗೆದ್ದಲು ಇಲ್ಲ, ತುಕ್ಕಿಲ್ಲ. ಮೊದಮೊದಲು ಅದನ್ನು ಅಮರವೆಂದೇ ತಿಳಿದಿದ್ದರು. ಆದರೆ ನೀರಿಗೆ ಅಮರರ ಮೇಲೆ ಯಾವ ಭಕ್ತಿಯೂ ಇಲ್ಲ. ಹೊಳಪಿನ ಹೊರಪದರದ ಮೂಲಕ ಅದು ಆವಿಯಾಗಿ ಕಣಕಣವಾಗಿ ಒಳಗೆ ಸೇರುತ್ತದೆ. ಒಳಗೆ ರಾಳದಲ್ಲಿ ಸರಿಯಾಗಿ ಕೂಡಿಕೊಳ್ಳದೆ ಉಳಿದ ಅಂಶಗಳನ್ನು ಕರಗಿಸಿಕೊಂಡು ಹುಳಿ ರಸವಾಗುತ್ತದೆ. ಆ ರಸ ಇನ್ನಷ್ಟು ನೀರನ್ನು ಸೆಳೆಯುತ್ತದೆ. ಕೊನೆಗೆ ತಳದ ಮೇಲೆಲ್ಲ ಬೊಬ್ಬೆ ಏಳುತ್ತವೆ, ಮೈಮೇಲೆ ಅಮ್ಮ ಬಂದ ಹಾಗೆ. ದಬ್ಬಳದಿಂದ ಚುಚ್ಚಿದರೆ ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕವಿರಬೇಕು. ವಾಸನೆ ಥೇಟ್ ವಿನೆಗರಿನದು. ನಾನು ಹೋಗುವ ಹೊತ್ತಿಗೆ ತಮ್ಮ ಸೀಮೆಸುಣ್ಣದಿಂದ ಒಂದೊಂದನ್ನೂ ಗುರುತು ಮಾಡಿ ಮುನ್ನೂರ ಹನ್ನೆರಡು ಬೊಬ್ಬೆಗಳನ್ನು ಕೊರೆಸಿ ತೆರೆಸಿದ್ದ. ಮಾರುವವನು ಇಷ್ಟು ಶ್ರದ್ಧೆಯಿಂದ ಎಣಿಸುತ್ತಾನೆಯೇ ಎಂದು ಒಮ್ಮೆ ಅನ್ನಿಸಿತು. ಆಮೇಲೆ ಎಂಜಿನಿಯರ ಬುದ್ಧಿ ಎಂದುಕೊಂಡು ಬಿಟ್ಟೆ.

ಹೀಗೆ ತೆರೆದ ಮೇಲೆ ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಒಣಗಲು ಬಿಡಬೇಕು. ಇದಕ್ಕೆ ವಾರಗಳೂ ಹಿಡಿಯುತ್ತವೆ, ತಿಂಗಳುಗಳೂ ಹಿಡಿಯುತ್ತವೆ. ತೇವ ಅಳೆಯುವ ಅಂಗೈಯಗಲದ ಮೀಟರೊಂದಿತ್ತು. ಗಣಿತದ ಮೇಷ್ಟ್ರಿಗೆ ತಕ್ಕ ಕೆಲಸವೆಂದು ಅದು ನನ್ನ ಪಾಲಿಗೆ ಬಂತು: ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮೂವತ್ತು ಗುರುತಿನ ಜಾಗಗಳಲ್ಲಿ ಅಂಕಿ ಓದಿ, ಗ್ರಾಫ್ ಕಾಗದದಲ್ಲಿ ಚುಕ್ಕಿ ಇಡುವುದು. ರೇಖೆ ಮೊದಲು ಕಡಿದಾಗಿ ಇಳಿಯಿತು, ಆಮೇಲೆ ಬಾಗಿತು, ಆಮೇಲೆ ಎಷ್ಟು ದಿನ ಕಾದರೂ ತಳಗೆರೆಯನ್ನು ಮುಟ್ಟದೆ ಅದರ ಪಕ್ಕದಲ್ಲೇ ಓಡತೊಡಗಿತು. ಇಂಥ ರೇಖೆಯನ್ನು ನಾನು ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಅದರ ಕೆಳಗೆ ನಿಂತು ದುಡ್ಡು ಎಣಿಸಿದ್ದು ಇದೇ ಮೊದಲು, ಏಕೆಂದರೆ ನೆಲದ ಬಾಡಿಗೆ ದಿನದ ಲೆಕ್ಕ. ಚದರಡಿಯಷ್ಟು ಪಾರದರ್ಶಕ ಪ್ಲಾಸ್ಟಿಕ್ಕನ್ನು ತಳಕ್ಕೆ ನಾಲ್ಕೂ ಅಂಚು ಅಂಟಿಸಿ ರಾತ್ರಿ ಬಿಡುವುದು ಇನ್ನೊಂದು ಪರೀಕ್ಷೆ. ಬೆಳಿಗ್ಗೆ ಅದರ ಒಳಮೈಯಲ್ಲಿ ಹನಿ ಕಂಡರೆ ಇನ್ನೂ ಒಣಗಿಲ್ಲವೆಂದು ಅರ್ಥ. ಮಾರ್ಚ್ ನಡುವಿನ ಒಂದು ಬೆಳಿಗ್ಗೆ ಆರು ಪ್ಲಾಸ್ಟಿಕ್ಕುಗಳೂ ಶುಭ್ರವಾಗಿದ್ದುವು. ತಮ್ಮ ಮಾತಾಡದೆ ಹೋಗಿ ಇಬ್ಬರಿಗೂ ಚಹಾ ತಂದ.

ತೂತುಗಳನ್ನು ಎಪಾಕ್ಸಿ ಗಾರೆಯಿಂದ ಮುಚ್ಚಿ, ಉಜ್ಜಿ, ಅದರ ಮೇಲೆ ನೀರು ಹೊಗದ ಎಪಾಕ್ಸಿ ಬಣ್ಣ ಐದು ಕೋಟು. ಆ ಮೇಲೆ ಚಿಪ್ಪು ಹಿಡಿಯದಂತೆ ತಾಮ್ರದ ಬಣ್ಣ. ನಾಲ್ಕು ಲೀಟರಿನ ಡಬ್ಬಿ ಎತ್ತಿದರೆ ಎಂಟು ಕಿಲೋ ತೂಗುತ್ತದೆ. ಅಷ್ಟೂ ತಾಮ್ರದ ಪುಡಿ. ಇದಕ್ಕೆ ದೊಡ್ಡ ಚರಿತ್ರೆಯಿದೆ. ಮರ ಕೊರೆಯುವ ಹುಳುವಿನ ಕಾಟ ತಾಳಲಾರದೆ ಇಂಗ್ಲಿಷರ ನೌಕಾಪಡೆ ೧೭೬೧ರಲ್ಲಿ 'ಅಲಾರ್ಮ್' ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊಡೆಸಿತು. ಹುಳುವೂ ಬರಲಿಲ್ಲ, ಚಿಪ್ಪೂ ಹಿಡಿಯಲಿಲ್ಲ. ಆದರೆ ತಾಮ್ರದ ಪಕ್ಕದಲ್ಲಿದ್ದ ಕಬ್ಬಿಣದ ಮೊಳೆಗಳೆಲ್ಲ ತಿಂದುಹೋಗಿದ್ದುವು. ೧೮೨೪ರಲ್ಲಿ ಹಂಫ್ರಿ ಡೇವಿ ಎಂಬ ರಸಾಯನ ಪಂಡಿತ ತಾಮ್ರಕ್ಕೆ ಸತುವನ್ನೋ ಕಬ್ಬಿಣವನ್ನೋ ಜೋಡಿಸಿದರೆ ಅದು ತಾನು ಸವೆದು ತಾಮ್ರವನ್ನು ಕಾಪಾಡುತ್ತದೆಂದು ತೋರಿಸಿದ. ಮಾತು ನಿಜವಾಯಿತು. ತಾಮ್ರ ಒಂದಿಷ್ಟೂ ಸವೆಯಲಿಲ್ಲ. ಸವೆಯದ ತಾಮ್ರದ ಮೇಲೆ ಚಿಪ್ಪುಗಳು ಬಂದು ಸುಖವಾಗಿ ಸಂಸಾರ ಹೂಡಿದುವು! ಕರಗಿ ವಿಷ ಬಿಟ್ಟರೆ ಮಾತ್ರ ಅದು ಕಾಯುತ್ತದೆ. ಡೇವಿಯ ಸತು ಮಾತ್ರ ಈಗಲೂ ಪ್ರತಿಯೊಂದು ದೋಣಿಯ ತಿರುಗುಚಕ್ರದ ಪಕ್ಕದಲ್ಲಿ ಬಲಿಪಶುವಾಗಿ ಕೂತಿರುತ್ತದೆ. ಸತುನ್‌ನಲ್ಲಿ ಸತು ಕೊಳ್ಳಲು ನಾವು ಮೂರು ಅಂಗಡಿ ಅಲೆದೆವು. ತಾಮ್ರಕ್ಕಿಂತ ಘೋರವಾದ ತವರದ ವಿಷವೊಂದನ್ನು ಇಪ್ಪತ್ತನೆಯ ಶತಮಾನದಲ್ಲಿ ಬಣ್ಣಕ್ಕೆ ಬೆರೆಸಿದರು. ಫ್ರಾನ್ಸಿನ ಆರ್ಕಶೋಂ ಕೊಲ್ಲಿಯಲ್ಲಿ ಸಿಂಪಿಗಳು ಅಂಗವಿಕಲವಾಗಿ ಹುಟ್ಟತೊಡಗಿದ ಮೇಲೆ ಅಲ್ಲಿ ೧೯೮೨ರಲ್ಲಿ ಸಣ್ಣ ದೋಣಿಗಳಿಗೆ ನಿಷೇಧ ಬಂತು. ಲೋಕಕ್ಕೆಲ್ಲ ಬರಲು ೨೦೦೮ ಆಯಿತು.

ನಮ್ಮ ಗಂಗೊಳ್ಳಿಯಲ್ಲಿ ಇದಾವುದೂ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ದಡಕ್ಕೆಳೆದು, ಬೂತಾಯಿ ಎಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿದು, ಮಡಲು ಹೊದಿಸಿ ಮಲಗಿಸುತ್ತಿದ್ದರು. ಗೇರೆಣ್ಣೆ ಮುಟ್ಟಿದ ಕೈ ಸುಟ್ಟು ಸಿಪ್ಪೆ ಏಳುತ್ತಿತ್ತು. ಹುಡುಗರಾಗಿದ್ದಾಗ ನಾನೂ ತಮ್ಮನೂ ಆ ಮಡಲಿನ ಕೆಳಗೆ ಕೂತು ಮಳೆಯಲ್ಲಿ ಸಿಂಗಾಪುರಕ್ಕೆ ಹೋಗಿಬರುತ್ತಿದ್ದೆವು.

ನೆರೆಹೊರೆಯ ವಿಷಯ. ಆ ಅಂಗಳದಲ್ಲಿ ಮೀನಿನ ಟ್ರಾಲರುಗಳು, ದ್ವೀಪಗಳಿಗೆ ಜನ ಸಾಗಿಸುವ ಕಬ್ಬಿಣದ ದೋಣಿಗಳು, ನಡುನಡುವೆ ನಮ್ಮಂಥ ಹಾಯಿಗಾರರ ಹತ್ತು ಹನ್ನೆರಡು ಮನೆ. ಎಲ್ಲರಿಗೂ ಒಂದೊಂದು ಏಣಿ. ಬಂದವರೆಲ್ಲ ಮೂರು ವಾರಕ್ಕೆಂದು ಬಂದವರು. ಪಕ್ಕದ ಫ್ರೆಂಚ್ ದಂಪತಿಗಳದು ಎರಡನೆಯ ವರ್ಷ. ಅವರಾಚೆಗಿನ ಒಬ್ಬ ಒಂಟಿ ಜರ್ಮನ್ ಗೃಹಸ್ಥನ ದೋಣಿಯ ಕೆಳಗೆ ಪಪ್ಪಾಯಿ ಗಿಡ ಬೆಳೆದು ಕಾಯಿ ಬಿಟ್ಟಿತ್ತು. ಅವನು ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಉಜ್ಜುಕಾಗದ ಹಿಡಿದು ಕೆಲಸಕ್ಕೆ ಇಳಿಯುವುದನ್ನು ನೋಡಿದರೆ, ದೋಣಿ ನೀರಿಗಿಳಿದ ದಿನ ಈ ಮನುಷ್ಯ ಏನು ಮಾಡಿಯಾನು ಎಂದು ಕನಿಕರವಾಗುತ್ತಿತ್ತು. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ನಮ್ಮ ಹಿರಿಯರು ದೋಣಿ ಕೊಳ್ಳುವ ಮಾತನ್ನು ಎತ್ತದೆ ಬಿಟ್ಟದ್ದು ದಯೆಯಿಂದಲೇ ಇರಬೇಕು. ತಮ್ಮ ಇಂಥ ಮಾತಿಗೆಲ್ಲ ಜೋಶುವಾ ಸ್ಲೋಕಮ್‌ನನ್ನು ಅಡ್ಡ ತರುತ್ತಾನೆ. ೧೮೯೫ರಿಂದ ೧೮೯೮ರವರೆಗೆ ಒಬ್ಬನೇ ಭೂಮಿ ಸುತ್ತಿದ ಮೊದಲ ಹಾಯಿಗಾರ ಅವನು. ಹೊಲದಲ್ಲಿ ಕೊಳೆಯುತ್ತಿದ್ದ 'ಸ್ಪ್ರೇ' ಎಂಬ ದೋಣಿಯನ್ನು ಹದಿಮೂರು ತಿಂಗಳು ಸ್ವಂತ ಕೈಯಿಂದ ಕಟ್ಟಿದನಂತೆ, ಸಾಮಾನಿಗೆ ತಗುಲಿದ್ದು ೫೫೩ ಡಾಲರು ೬೨ ಸೆಂಟು. ಆ ಅರವತ್ತೆರಡು ಸೆಂಟನ್ನೂ ಬರೆದಿಟ್ಟ ಸ್ಲೋಕಮ್ ನನಗೆ ಮೆಚ್ಚುಗೆ. ತಮ್ಮನ ಲೆಕ್ಕದ ಪುಸ್ತಕದಲ್ಲಿ ಸೆಂಟುಗಳಿಗೆ ಜಾಗವೇ ಇರಲಿಲ್ಲ.

ಊಟಕ್ಕೆ ತೊಂದರೆಯಾಗಲಿಲ್ಲ. ಗೇಟಿನ ಹೊರಗೆ ಒಬ್ಬ ಮುಸಲ್ಮಾನ ಹೆಂಗಸು ರೋಟಿ ಬೀಸುತ್ತಿದ್ದಳು. ಹೆಸರೂ ರೋಟಿಯೇ, ನಮ್ಮ ಪರೋಟದ ತಂಗಿ. ಸಂತೆಯಲ್ಲಿ ಪ್ಲಾ ಟೂ ಎಂಬ ಮೀನನ್ನು ಹಬೆಯಲ್ಲಿ ಬೇಯಿಸಿ, ದುಂಡು ಬಿದಿರುಬುಟ್ಟಿಯಲ್ಲಿ ಹಿಡಿಸಲೆಂದು ಕತ್ತು ಮುರಿದು ಮಡಿಸಿ ಇಡುತ್ತಾರೆ. ನೋಡಿದ ಕೂಡಲೇ ಗುರುತು ಸಿಕ್ಕಿತು: ನಮ್ಮ ಬಂಗುಡೆಯ ದಾಯಾದಿ, ತಲೆ ತಗ್ಗಿಸಿ ಕೂತಿದೆ. ಊರಿನಿಂದ ತಂದಿದ್ದ ಮೆಣಸಿನ ಪುಡಿಯಲ್ಲಿ ಅದರ ಸಾರು ಮಾಡಿದ ದಿನ ಫ್ರೆಂಚ್ ದಂಪತಿಗಳು ತಮ್ಮ ಏಣಿ ಇಳಿದು ನಮ್ಮ ಏಣಿ ಹತ್ತಿ ಬಂದರು. ಮಾರ್ಚ್ ೧೨ಕ್ಕೆ ರಂಜಾನ್ ಉಪವಾಸ ಆರಂಭವಾಗಿ, ಕೆಲಸದವರು ಬೆಳಕು ಹರಿಯುವ ಮುಂಚೆ ಉಂಡು, ಒಂದು ಹನಿ ನೀರಿಲ್ಲದೆ ಆ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ದುಡಿದು ಹೋಗುತ್ತಿದ್ದರು.

ಮಧ್ಯಾಹ್ನದ ಮೇಲೆ ಉಳಿಯುತ್ತಿದ್ದವನು ಬರ್ಮಾದ ಒಬ್ಬ ಹುಡುಗ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬಹುದು. ಕೆನ್ನೆಗೆ ತನಖಾ ಗಂಧ, ಮುಖಕ್ಕೆ ಒಂದು ಹಳೆಯ ಬನಿಯನ್ನಿನ ತುಂಡು. ದೋಣಿಯ ಪಕ್ಕಗಳ ಹಳೆಯ ಬಣ್ಣವನ್ನು ಯಂತ್ರದಿಂದ ಉಜ್ಜುವುದು ಅವನ ಕೆಲಸ. ಸಂಜೆ ಕೆಮ್ಮುತ್ತಿದ್ದ. ಅಲ್ಲಿ ಹಚ್ಚಬೇಕಾಗಿದ್ದ ಪಾಲಿಯುರೆಥೇನ್ ಬಣ್ಣ ಎರಡು ಡಬ್ಬಿಗಳದು. ಎರಡನ್ನೂ ಬೆರೆಸಿದರೆ ಗಟ್ಟಿಯಾಗಿ ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಅದರ ಎರಡನೆಯ ಡಬ್ಬಿಯಲ್ಲಿ ಐಸೊಸಯನೇಟ್ ಎಂಬ ವಸ್ತುವಿದೆ. ಅದನ್ನು ಪಿಚಕಾರಿಯಿಂದ ಸಿಂಪಡಿಸಿದಾಗ ಉಸಿರಿಗೆ ಹೋದರೆ ಜೀವಮಾನದ ಉಬ್ಬಸ ಹಿಡಿಯಬಹುದು. ಸಿಂಪಡಿಸುವವನಿಗೆ ಬೇರೆಡೆಯಿಂದ ಕೊಳವೆಯಲ್ಲಿ ಗಾಳಿ ಕೊಡುವ ಮುಖವಾಡ ಬೇಕು. ಗುತ್ತಿಗೆ ಹಿಡಿದ ಮೇಸ್ತ್ರಿ ಸಿಂಪಡಿಸಿಯೇ ಮಾಡೋಣ, ಎರಡು ದಿನದ ಕೆಲಸ, ಹೊಳಪೂ ಹೆಚ್ಚು ಎಂದ. ಗಾಳಿಯ ಮುಖವಾಡ ಎಲ್ಲಿ ಎಂದು ತಮ್ಮ ಕೇಳಿದ. ಮೇಸ್ತ್ರಿ ಹುಡುಗನ ಬನಿಯನ್ ತುಂಡನ್ನು ತೋರಿಸಿದ. ಹಡಗಿನ ಎಂಜಿನ್ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದವನಿಗೆ ಕೋಪ ಬಂದರೆ ಧ್ವನಿ ಏರುವುದಿಲ್ಲ, ಇಳಿಯುತ್ತದೆ. ರೋಲರಿನಿಂದ ಹಚ್ಚಿ ಕುಂಚದಿಂದ ನೇವರಿಸುವುದು, ಒಂದು ವಾರವಾದರೂ ಸರಿ, ಹೊಳಪು ಕಡಿಮೆಯಾದರೂ ಸರಿ ಎಂದು ತೀರ್ಮಾನವಾಯಿತು. ಹಾತ್ ಯಾಯ್ ಪಟ್ಟಣದಿಂದ ಎರಡು ಇದ್ದಿಲು ಡಬ್ಬಿಯ ಮುಖವಾಡಗಳನ್ನೂ ತರಿಸಿದ. ಹುಡುಗ ನಾವಿರುವಾಗ ಹಾಕಿಕೊಳ್ಳುತ್ತಿದ್ದ. ನಾವು ಮೇಲೆ ಹತ್ತಿದರೆ ಸೆಕೆಗೆ ಅದು ಕೊರಳಿಗೆ ಇಳಿಯುತ್ತಿತ್ತು. ಆದ್ದರಿಂದ ನಾನು ಬಿಸಿಲಿನಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೆಳಗೇ ಕೂರತೊಡಗಿದೆ. ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ ನನಗೆ ಹೊಸತಲ್ಲ.

ಈ ಬಣ್ಣಕ್ಕೆ ಇಬ್ಬನಿಯೂ ಶತ್ರು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರುಮಾಡಿ, ರಾತ್ರಿಯ ಇಬ್ಬನಿ ಬೀಳುವ ಮುಂಚೆ ಅದು ಒಣಗಿರಬೇಕು. ಎಂದರೆ ಒಂಬತ್ತರಿಂದ ಒಂದರೊಳಗೆ ಕುಂಚ ಕೆಳಗಿಡಬೇಕು. ಮೊದಲ ಪಕ್ಕದ ಕೊನೆಯ ಕೋಟು ಸೊಗಸಾಗಿ ಬಂತು. ನಾವು ಅದರಲ್ಲಿ ನಮ್ಮ ಮುಖ ನೋಡಿಕೊಂಡು ಸಂತೋಷಪಡುತ್ತಿರುವಾಗ, ಐವತ್ತು ಗಜದಾಚೆಯ ಕಬ್ಬಿಣದ ದೋಣಿಯೊಂದಕ್ಕೆ ಯಾರೋ ತುಕ್ಕು ತೆಗೆಯಲು ಮರಳು ಹೊಡೆಯತೊಡಗಿದರು. ಆ ದಿನ ಹೊಡೆಯುವುದಿಲ್ಲವೆಂದು ಕಚೇರ‍ಿಯವರು ಮಾತು ಕೊಟ್ಟಿದ್ದರು. ಗಾಳಿ ನಮ್ಮ ಕಡೆಗೆ. ಹತ್ತು ನಿಮಿಷದಲ್ಲಿ ಮೂವತ್ತಾರು ಅಡಿ ಉದ್ದದ ಉಜ್ಜುಕಾಗದವೊಂದು ನಮ್ಮ ಮುಂದೆ ನಿಂತಿತ್ತು. ತಮ್ಮ ಏಣಿಯ ಕೆಳಮೆಟ್ಟಿಲಿನ ಮೇಲೆ ಕೂತುಬಿಟ್ಟ. ಅವನು ಎದೆಯ ಮೇಲೆ ಕೈ ಇಟ್ಟುಕೊಂಡದ್ದು ನೋಡಿ ನನ್ನ ಕಾಲು ತಣ್ಣಗಾಯಿತು. "ಏನಿಲ್ಲ, ಜೇಬಿನಲ್ಲಿ ಪೆನ್ಸಿಲ್ ಹುಡುಕಿದೆ" ಎಂದ. ಮತ್ತೆ ಉಜ್ಜಿ, ಮತ್ತೆ ಹಚ್ಚಲು ಆರು ದಿನವಾಯಿತು.

ಬಣ್ಣ ಬಿಳಿಯೇ. ಅವನಿಗೆ ಕಡುನೀಲಿ ಇಷ್ಟವೆಂದು ನನಗೆ ಗೊತ್ತಿತ್ತು. ಬಿಳಿ ಎಂದಾಗ ಒಂದು ಮಾತೂ ಎದುರಾಡದೆ ಒಪ್ಪಿದ್ದ. ಚಿಕ್ಕಂದಿನಿಂದ ಅವನನ್ನು ಬಲ್ಲ ನನಗೆ ಆ ಒಪ್ಪಿಗೆಯೇ ಅನುಮಾನ ಹುಟ್ಟಿಸಿತ್ತು. ಅನುಮಾನ ತೀರಿದ್ದು ಏಪ್ರಿಲ್ ಮೊದಲ ವಾರ, ನೀರಿನ ಗೆರೆ ಎಳೆಯುವ ದಿನ. ತಳದ ತಾಮ್ರದ ಬಣ್ಣ ಎಲ್ಲಿ ಮುಗಿದು ಮೇಲಿನ ಬಿಳಿ ಎಲ್ಲಿ ಶುರುವಾಗಬೇಕೆಂಬುದೇ ಆ ಗೆರೆ. ದೋಣಿ ಬಾಗು ಬಾಗಾಗಿರುವುದರಿಂದ ಅಳತೆಪಟ್ಟಿಯಿಂದ ಆಗದು. ನಮ್ಮ ಗಾರೆಯವರು ಪಾಯಕ್ಕೆ ಮಟ್ಟ ನೋಡುವಂತೆ, ಉದ್ದದ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಒಂದು ತುದಿಯನ್ನು ಅವನು ಹಿಡಿದು ಇನ್ನೊಂದನ್ನು ನಾನು ಹಿಡಿದು ದೋಣಿಯ ಸುತ್ತ ಗುರುತು ಹಾಕುತ್ತ ಬಂದೆವು. ಹಳೆಯ ಗೆರೆಯ ಗುರುತು ಇನ್ನೂ ಕಾಣುತ್ತಿತ್ತು. ಹೊಸ ಗುರುತು ಅದಕ್ಕಿಂತ ಎರಡು ಅಂಗುಲ ಮೇಲೆ ಬೀಳುತ್ತಿತ್ತು.

"ಮಟ್ಟ ತಪ್ಪಿದೆಯಲ್ಲ" ಎಂದೆ.

"ತಪ್ಪಿಲ್ಲ" ಎಂದ ಅವನು, ತಲೆ ಎತ್ತದೆ.

ಈ ಅಳತೆಯ ದೋಣಿ ಒಂದು ಅಂಗುಲ ಹೆಚ್ಚು ಮುಳುಗಬೇಕಾದರೆ ಸುಮಾರು ಐನೂರು ಕಿಲೋ ಭಾರ ಬೇಕು. ನೀರಿನ ಮಟ್ಟದಲ್ಲಿ ದೋಣಿಯ ಉದ್ದಗಲ ಕೊಟ್ಟರೆ ಎಸ್ಸೆಸ್ಸೆಲ್ಸಿ ಹುಡುಗ ಹೇಳಬಲ್ಲ. ಎರಡು ಅಂಗುಲವೆಂದರೆ ಒಂದು ಟನ್. ಮಾರುವವನು ದೋಣಿಯನ್ನು ಬರಿದು ಮಾಡುತ್ತಾನೆ, ಅದು ಮೇಲೆದ್ದು ನಿಲ್ಲುತ್ತದೆ, ಹಳೆಯ ಗೆರೆಯೇ ಸಾಕು. ಒಂದು ಟನ್ ಅಕ್ಕಿ, ನೀರು, ಡೀಸೆಲ್, ಲಂಗರಿನ ಸರಪಳಿಗಳನ್ನು ತುಂಬುವವನಿಗೆ ಮಾತ್ರ ಗೆರೆ ಮೇಲೆ ಹೋಗಬೇಕು, ಇಲ್ಲವಾದರೆ ಬಿಳಿ ಬಣ್ಣದ ಮೇಲೆ ಪಾಚಿ ಹತ್ತುತ್ತದೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಈಶಾನ್ಯದ ಗಾಳಿ ಬೀಸುವಾಗ ಥಾಯ್ಲೆಂಡಿನಿಂದ ಹೊರಟ ಹಾಯಿದೋಣಿಗಳು ಬಂಗಾಳ ಉಪಸಾಗರ ದಾಟಿ ಸಿಂಹಳಕ್ಕೆ ಹೋಗುತ್ತವೆ. ಅಲ್ಲಿಂದ ಕೊಚ್ಚಿ, ಕೊಚ್ಚಿಯಿಂದ ನಮ್ಮೂರು ಎಷ್ಟು ದೂರ? ನಾನು ಕೊಳವೆಯ ನನ್ನ ತುದಿಯನ್ನು ಹಿಡಿದುಕೊಂಡೇ ನಿಂತಿದ್ದೆ. ನೀರು ಅಲುಗದಿರಲೆಂದು ಅವನು ಗದರಿದ.

ಆ ರಾತ್ರಿ ಫೋನು ಬಂತು. ಆಕೆ ಹಂಗಾರಕಟ್ಟೆಯವಳು, ಆಕೆಯ ಅಜ್ಜನಿಗೆ ಎರಡು ಮಂಜಿಗಳಿದ್ದುವು, ಹೆಂಚು ತುಂಬಿ ಮುಂಬಯಿಗೆ ಹೋಗುತ್ತಿದ್ದುವು. ಬಿಳಿಯೇ ಹಚ್ಚಿದಿರಾ ಎಂದಳು. ಬಿಳಿಯೇ ಎಂದೆ. ಗೆರೆ ಹೊಡೆದಾಯಿತೇ ಎಂದಳು. ಹೊಡೆದಾಯಿತು ಎಂದೆ. "ಹಳೆಯ ಜಾಗದಲ್ಲೇ?"

ಸುಳ್ಳು ಹೇಳುವುದಕ್ಕೆ ನಾನು ಅಲ್ಲಿಗೆ ಹೋಗಿರಲಿಲ್ಲ. "ಎರಡು ಅಂಗುಲ ಮೇಲೆ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ರಾತ್ರಿಯ ಮಾತ್ರೆ ತೆಗೆದುಕೊಂಡರಾ?" ಎಂದು ಕೇಳಿ ಫೋನು ಇಟ್ಟಳು.

ಮರುದಿನ ನೇರವಾಗಿ ಅವನಿಗೇ ಮಾಡಿದಳು. ನಾನು ಏಣಿ ಇಳಿದು ಹೋಗಿ ಜರ್ಮನ್ನನ ಪಪ್ಪಾಯಿ ನೋಡುತ್ತ ನಿಂತೆ. ಒಂದು ಗಂಟೆಯಾಯಿತು. ಒಮ್ಮೆ ಅವನ ಧ್ವನಿ ಬಹಳ ಕೆಳಗಿಳಿದದ್ದು ಕೇಳಿಸಿತು, ಒಮ್ಮೆ ನಕ್ಕದ್ದೂ ಕೇಳಿಸಿತು. ಆಮೇಲೆ ನನಗೆ ತಿಳಿಸಿದ ಷರತ್ತುಗಳು ಇವು: ನವೆಂಬರಿನಲ್ಲಿ ಡಾಕ್ಟರರು ಓಟದ ಪಟ್ಟಿಯ ಮೇಲೆ ಓಡಿಸಿ ನೋಡಿ ಸರಿ ಎನ್ನಬೇಕು, ಹಾಯಿ ಬಲ್ಲ ಇಬ್ಬರು ಗಟ್ಟಿ ಆಳುಗಳು ಜೊತೆಗಿರಬೇಕು, ಆ ಇಬ್ಬರ ಲೆಕ್ಕದಲ್ಲಿ ಭಾವನನ್ನು ಹಿಡಿಯಬಾರದು. ಮೂರರಲ್ಲಿ ಒಂದು ತಪ್ಪಿದರೂ ದೋಣಿ ಮಾರಾಟಕ್ಕೆ. ಮೂರನೆಯ ಷರತ್ತನ್ನು ನಾನು ತಕ್ಷಣ ಒಪ್ಪಿಕೊಂಡೆ.

ಏಪ್ರಿಲ್ ೮ ಅಮಾವಾಸ್ಯೆ. ಉಬ್ಬರ ದೊಡ್ಡದಾಗಿ ಬರುವ ದಿನಗಳಲ್ಲೇ ಆ ಹೊಳೆಯಲ್ಲಿ ಇಂಥ ದೋಣಿಗಳನ್ನು ಇಳಿಸಬಹುದು. ಹತ್ತಕ್ಕೋ ಹನ್ನೊಂದಕ್ಕೋ ಈದ್, ಅದಾದ ಕೂಡಲೇ ಥಾಯ್ ಹೊಸವರ್ಷದ ಸೋಂಗ್ಕ್ರಾನ್, ಎಲ್ಲ ಬಾಗಿಲು ಹಾಕುತ್ತದೆ. ಹೀಗೆ ಒಂಬತ್ತನೆಯ ತಾರೀಕು ಬಿಟ್ಟರೆ ಬೇರೆ ದಿನವಿರಲಿಲ್ಲ. ಅಂದು ನಮಗೆ ಯುಗಾದಿ. ಬೇವು ಸಿಕ್ಕಿತು, ಆ ಕಡೆ ಅದರ ಚಿಗುರನ್ನು ತರಕಾರಿಯಂತೆ ತಿನ್ನುತ್ತಾರೆ. ಬೆಲ್ಲದ ಬದಲು ತಾಳೆಸಕ್ಕರೆ.

ನಾಲ್ಕು ಚಕ್ರದ ಮೇಲೆ ನಡೆಯುವ ಹೆಬ್ಬಾಗಿಲಿನಂಥ ಯಂತ್ರ ಬಂದು ಎರಡು ಅಗಲ ಪಟ್ಟಿಗಳಲ್ಲಿ ದೋಣಿಯನ್ನು ಎತ್ತಿತು. ಊರುಗೋಲುಗಳು ತಗುಲಿದ್ದ ಜಾಗಗಳಲ್ಲಿ ಅಂಗೈಯಗಲದ ತೇಪೆಗಳು ಬಣ್ಣವಿಲ್ಲದೆ ಉಳಿದಿರುತ್ತವೆ. ದೋಣಿ ಗಾಳಿಯಲ್ಲಿ ತೂಗುತ್ತಿರುವಾಗ ಬರ್ಮಾದ ಹುಡುಗ ಓಡಾಡಿ ಅವಕ್ಕೆಲ್ಲ ತಾಮ್ರ ಬಳಿದ. ಮುಖವಾಡ ಮುಖದ ಮೇಲೆಯೇ ಇತ್ತು. ನೀರು ತಳವನ್ನು ಮುಟ್ಟಿದ ಕೂಡಲೇ ತಮ್ಮ ಒಳಕ್ಕೆ ಹಾರಿ ನೆಲದ ಹಲಗೆಗಳನ್ನೆತ್ತಿ ಒಂದೊಂದು ಕವಾಟವನ್ನೂ ಬೆರಳಿನಿಂದ ಮುಟ್ಟಿ ನೋಡಿದ. ತಿರುಗುಚಕ್ರದ ದಂಡ ಹೊರಹೋಗುವಲ್ಲಿ ಮಾತ್ರ ನಿಮಿಷಕ್ಕೆ ಎರಡು ಹನಿ, ಅದು ಇರಬೇಕಾದದ್ದೇ. ಪಟ್ಟಿ ಸಡಿಲಿಸಿದರು. ಹೊಸ ಗೆರೆ ನೀರಿನ ಮೇಲೆ ಎರಡು ಅಂಗುಲಕ್ಕೂ ಮಿಕ್ಕಿ ಖಾಲಿಯಾಗಿ ಕಾಣುತ್ತಿತ್ತು. ದಂಡೆಯ ಮೇಲೆ ನಿಂತಿದ್ದ ಮೇಸ್ತ್ರಿ ಅದನ್ನು ನೋಡಿ, ತಮ್ಮನನ್ನು ನೋಡಿ, ಕೈ ಎತ್ತಿದ.

ಹೊಳೆಯ ನಡುವೆ ಲಂಗರು ಹಾಕಿದೆವು. ಸಂಜೆ ಪಶ್ಚಿಮದಲ್ಲಿ ಕಾಂಡ್ಲಾ ಗಿಡಗಳ ಮೇಲೆ ಚಂದ್ರನ ಗೆರೆ ಕಂಡಿತು. ನಮ್ಮ ಯುಗಾದಿಯ ಚಂದ್ರ, ಅವರ ಈದಿನ ಚಂದ್ರ. ದಡದಲ್ಲಿ ಮಸೀದಿಯ ಕಡೆಯಿಂದ ಮಕ್ಕಳ ಕೂಗು ಕೇಳಿಸಿತು. ನನ್ನ ವಿಮಾನ ಹದಿನೇಳಕ್ಕೆ. ಏಣಿಯನ್ನು ಫ್ರೆಂಚ್ ದಂಪತಿಗಳಿಗೆ ಕೊಟ್ಟುಬಂದೆವು. ಅವರದರಲ್ಲಿ ಎರಡು ಮೆಟ್ಟಿಲು ಮುರಿದಿದ್ದುವು.